‘ದಿ ಸಿಮ್ಸ್ 2’ ಬಡಾವಣೆಗಳು ಆಸ್ಟ್ರೇಲಿಯಾದ ಊರುಗಳನ್ನು ಹೋಲುತ್ತವೆಯೇ?

ಪ್ರಶ್ನೆ:
2004ರಲ್ಲಿ ಬಂದ, ಮನೆ ಕಟ್ಟಿ ಅದರಲ್ಲಿನ ಜನರ ಬದುಕನ್ನು ನಡೆಸುವ ‘ದಿ ಸಿಮ್ಸ್ 2’ ಎಂಬ ಈ ಕಂಪ್ಯೂಟರ್ ಆಟದ ಸ್ಟ್ರೇಂಜ್‌ಟೌನ್ ಬಡಾವಣೆಯನ್ನು ನೋಡಿದಾಗಲೆಲ್ಲ, ಬರಡು ನೆಲ ಮತ್ತು ಅಲ್ಲಲ್ಲಿ ಚದುರಿದ ಮನೆಗಳಿಂದಾಗಿ ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ನೆನಪಾಗುತ್ತದೆ. ಈ ಹೋಲಿಕೆ ಮನೆಗಳ ವಿಷಯದಲ್ಲಿಯೂ ಸರಿಯೇ?

ಉತ್ತರ 1:
ನೆಲದ ಮಟ್ಟಿಗೆ ಸರಿ, ಮನೆಗಳ ಮಟ್ಟಿಗೆ ಅಲ್ಲ. ಸ್ಟ್ರೇಂಜ್‌ಟೌನಿನ ಮನೆಗಳು ನೆಲದ ಮೇಲೆ ನಿಂತಿವೆ. 1915ರಲ್ಲಿ ಓಪಲ್ ಎಂಬ ರತ್ನ ಸಿಕ್ಕ ಬಳಿಕ ಬೆಳೆದ ಕೂಬರ್ ಪೀಡಿಯಲ್ಲಾದರೋ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆಯಿಂದ ಪಾರಾಗಲು ಅನೇಕರು ಗುಡ್ಡವನ್ನೇ ಕೊರೆದು ಒಳಗೆ ವಾಸಿಸುತ್ತಾರೆ. ಅಂಥ ಮನೆಗಳ ಗೋಡೆಗಳಲ್ಲಿ ಕೊರೆಯುವ ಯಂತ್ರದ ಗೀರುಗಳು ಹಾಗೆಯೇ ಉಳಿದಿರುತ್ತವೆ. ಗಾಳಿಗೆಂದು ಇಟ್ಟ ಕೊಳವೆಗಳಷ್ಟೇ ಗುಡ್ಡದ ಮೇಲೆ ತಲೆಯೆತ್ತಿರುತ್ತವೆ. ಆಟದಲ್ಲಿ ನನಗೆ ಬಹಳ ಕೊರತೆಯೆನಿಸುವುದು ಇದೇ.

ಉತ್ತರ 2:
ಬ್ರಿಸ್ಬೇನಿನ ಹಳೆಯ ಕ್ವೀನ್ಸ್‌ಲ್ಯಾಂಡರ್ ಮನೆಗಳನ್ನು ಆಟದಲ್ಲಿ ಕಟ್ಟುವುದು ಹೆಚ್ಚು ಸುಲಭ. ಕಂಬಗಳ ಮೇಲೆ ಎತ್ತರಿಸಿದ ಮರದ ಮನೆ, ಅಗಲವಾದ ಜಗಲಿ, ಸುಕ್ಕುತಗಡಿನ ಛಾವಣಿ ಇದ್ದರೆ ರೂಪ ಬಂದಂತೆಯೇ. ಆದರೆ ಗೆದ್ದಲು ಮೇಲೇರದಂತೆ ಪ್ರತಿ ಕಂಬದ ನೆತ್ತಿಗೆ ಹೊದಿಸುವ ತಗಡಿನ ಟೊಪ್ಪಿಯಾಗಲಿ, ಮನೆಯಡಿಯ ನೆರಳಿನಲ್ಲಿ ಬಟ್ಟೆ ಒಣಗಿಸುವ ರೂಢಿಯಾಗಲಿ ಅಲ್ಲಿ ಕಾಣಸಿಗುವುದಿಲ್ಲ.

ಉತ್ತರ 3:
ದಿಕ್ಕನ್ನೂ ಗಮನಿಸಬೇಕು. ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲದ ಬಿಸಿಲು ಉತ್ತರದಿಂದ ಬೀಳುವುದರಿಂದ, ವಿಚಾರಮಾಡಿ ಕಟ್ಟಿದ ಆಸ್ಟ್ರೇಲಿಯಾದ ಮನೆಗಳಲ್ಲಿ ನಡುಮನೆ ಉತ್ತರಕ್ಕೆ ತೆರೆದಿರುತ್ತದೆ. ಆಟದಲ್ಲಿ ಮನೆ ಯಾವ ದಿಕ್ಕಿಗೆ ಮುಖಮಾಡಿದರೂ ಒಳಗಿನ ಸೆಕೆ, ಚಳಿ ಬದಲಾಗುವುದಿಲ್ಲ. ಹೀಗಾಗಿ ಹೊರರೂಪವನ್ನು ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ಆ ವಿನ್ಯಾಸದ ಕಾರಣ ಅಲ್ಲಿ ಕೈಬಿಟ್ಟುಹೋಗುತ್ತದೆ.