ಪಾಪರ್ ಮುಂದೆ ಹೋಗ್ತಿಲ್ಲ, 5-ವೇಟ್ ರಾಡ್‌ಗೆ ಯಾವ ಫ್ಲೈ ಲೈನ್ ಹಾಕಲಿ?

ಕೆರೆದಂಡೆ, ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಒಬ್ಬರ ಹತ್ತಿರ ಫ್ಲೈ ಫಿಶಿಂಗ್ (ಹುಳದಂಥ ನಕಲಿ ಆಮಿಷ, ಅಂದರೆ ಫ್ಲೈ, ಎಸೆದು ಮೀನು ಹಿಡಿಯುವುದು) ಮಾಡುವ ಸೆಕೆಂಡ್ ಹ್ಯಾಂಡ್ ಸೆಟ್ ತಗೊಂಡೆ. 9 ಅಡಿಯ 5-ವೇಟ್ (5ನೇ ನಂಬರಿನ ಲೈನಿಗೆ ಮಾಡಿದ) ರಾಡ್, ರೀಲು, ಅದರಲ್ಲೇ ಸುತ್ತಿದ್ದ ಫ್ಲೈ ಲೈನು. ಮನೆ ಹಿಂದಿನ ಸಣ್ಣ ಕೆರೆಯಲ್ಲಿ ಬ್ಲೂಗಿಲ್ ಅನ್ನುವ ಸಣ್ಣ ಮೀನು ಇವೆ, ಆಗಾಗ ಲಾರ್ಜ್‌ಮೌತ್ ಬಾಸ್ ಸಿಗುತ್ತದೆ. ಸಣ್ಣ ಫೋಮ್ ಜೇಡ ಕಟ್ಟಿದರೆ 20 ಅಡಿ ತನಕ ಹೇಗೋ ಹೋಗುತ್ತದೆ. ನಂಬರ್ 6 ಗಾಳದ ಪಾಪರ್ (ನೀರಿನ ಮೇಲೆ ತೇಲುತ್ತಾ ಸದ್ದು ಮಾಡುವ ಆಮಿಷ) ಕಟ್ಟಿದರೆ ಮುಗೀತು. ಲೈನ್ ಚಾಚಿಕೊಳ್ಳುವುದೇ ಇಲ್ಲ. ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ), ಪಾಪರ್ ಎಲ್ಲ ಒಟ್ಟಿಗೆ ಶ್ಯಾವಿಗೆ ಗುಡ್ಡೆ ಥರ ನೀರಿಗೆ ಬೀಳುತ್ತದೆ. ಮುಂದಿನ ಐದಾರು ಅಡಿ ಮುಳುಗುತ್ತದೆ ಬೇರೆ. ಬಿಸಿಲೇರಿದ ಮೇಲೆ ಲೈನ್ ಕೈಗೆ ಅಂಟುತ್ತದೆ.

ಅಂಗಡಿಯಲ್ಲಿ ಕೇಳಿದೆ. 6-ವೇಟ್ ಲೈನ್ ಹಾಕಿ, ಸರಿಹೋಗುತ್ತದೆ ಅಂದರು. ಹೌದಾ? ದುಡ್ಡು ಕೊಡುವ ಮೊದಲು ನಿಮ್ಮನ್ನು ಕೇಳೋಣ ಅಂತ.

ಬೆಂಡುಗಾಳ, ನಾರ್ತ್ ಕೆರೊಲೈನಾ:
ಸರ್, ಲೈನ್ ಬದಲಾಯಿಸುವ ಮೊದಲು ಈಗಿರುವುದನ್ನು ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮುಂದಿನ 30 ಅಡಿ ಒರೆಸಿ. ಆಮೇಲೆ ತುದಿಯನ್ನು ಬೆರಳ ಮಧ್ಯೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಸಣ್ಣ ಬಿರುಕು ಕಂಡರೆ ಅದರೊಳಗೆ ನೀರು ಇಳಿಯುತ್ತಿದೆ ಅಂತ ಅರ್ಥ, ಮುಳುಗಲು ಅದೊಂದೇ ಸಾಕು. ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳುತ್ತೀರಾ? ಲೈನ್ ಮೇಲೆ ಬ್ರ್ಯಾಂಡ್, ಸೈಜ್ ಏನಾದರೂ ಅಚ್ಚಾಗಿದೆಯಾ?

ಕೆರೆದಂಡೆ:
ಒರೆಸಿದೆ. ಬಟ್ಟೆ ದೋಸೆ ಕಾವಲಿ ಉಜ್ಜಿದ ಹಾಗೆ ಕಪ್ಪಾಯಿತು. ಬಿರುಕು ಕಾಣಲಿಲ್ಲ, ಆದರೆ ಮುಟ್ಟಿದರೆ ಜಿಗುಟು. ಸೊಳ್ಳೆ ಸ್ಪ್ರೇ ದಿನಾ ಹೊಡೆದುಕೊಳ್ಳುತ್ತೇನೆ, ಇಲ್ಲಿ ಅದಿಲ್ಲದೆ ಸಂಜೆ ಕೂರುವುದಕ್ಕಾಗಲ್ಲ. ರಾಡ್, ರೀಲು ವರ್ಷವೆಲ್ಲ ಕಾರಿನ ಡಿಕ್ಕಿಯಲ್ಲೇ ಇರುತ್ತವೆ. ಲೈನ್ ಮೇಲೆ ಅಚ್ಚು ಇಲ್ಲ.

ಬೆಂಡುಗಾಳ:
ಜಿಗುಟಿಗೆ ಕಾರಣ ಸಿಕ್ಕಿತು. ಆ ಸ್ಪ್ರೇಯಲ್ಲಿ ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ ಕರಗಿಸುತ್ತದೆ. ಹೆಚ್ಚಿನ ಲೈನ್‌ಗಳ ಮೇಲ್ಪದರ ಪಿವಿಸಿ. ಸನ್‌ಸ್ಕ್ರೀನ್ ಕೂಡ ಒಳ್ಳೆಯದಲ್ಲ. ಟೆಕ್ಸಸ್ ಬೇಸಿಗೆಯಲ್ಲಿ ಡಿಕ್ಕಿ ಅಂದರೆ ಒಲೆ. ಇನ್ನು ಮುಂದೆ ಸ್ಪ್ರೇಯನ್ನು ಅಂಗಿ ಮೇಲೆ, ಮುಂಗೈ ಹಿಂಬದಿಗೆ ಮಾತ್ರ ಹಚ್ಚಿ. ಅಂಗೈ ತೊಳೆದುಕೊಂಡೇ ಲೈನ್ ಮುಟ್ಟಿ.

ಮೀನ್‌ಮಾರ್ಕೆಟ್, ಆಸ್ಟಿನ್:
ಇಷ್ಟೊಂದು ವಿಚಾರಣೆ ಯಾಕೆ ಗುರು? ಸುಮ್ನೆ 6 ಹಾಕಿ. ನಾನು ನನ್ನ 5ರ ಮೇಲೆ ಮೂರು ವರ್ಷದಿಂದ 6 ಹಾಕಿಕೊಂಡು ಗ್ವಾಡಲೂಪ್ ಬಾಸ್ ಹಿಡಿಯುತ್ತಿದ್ದೇನೆ. ರಾಡ್ ಮುರಿದಿಲ್ಲ.

ತಕ್ಕಡಿ ಅಕ್ಕ, ಅಟ್ಲಾಂಟಾ:
6 ಹಾಕುವುದು ತಪ್ಪಲ್ಲ ತಮ್ಮಾ, ಆದರೆ ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ ಒಂದು ಜಾಸ್ತಿ ಹಾಕುವುದು ಹೇಗೆ?

ನಮ್ಮೂರ ಗಾಳದಲ್ಲಿ ಎರೆಹುಳ, ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತವೆ. ಇಲ್ಲಿ ಉಲ್ಟಾ. ಪಾಪರ್‌ಗೆ ತೂಕವೇ ಇಲ್ಲ, ಲೈನಿನ ತೂಕವೇ ಅದನ್ನು ಹೊತ್ತುಕೊಂಡು ಹೋಗಬೇಕು. ಅದಕ್ಕೇ ಲೈನಿನ ನಂಬರ್ ಅಂದರೆ ಮೊದಲ 30 ಅಡಿಯ ತೂಕ. 4ಕ್ಕೆ 120 ಗ್ರೇನ್, 5ಕ್ಕೆ 140, 6ಕ್ಕೆ 160. ಗ್ರಾಮ್‌ನಲ್ಲಿ 7.8, 9.1, 10.4. ಮನೆಯಲ್ಲಿ ಕಾಫಿಪುಡಿ ತೂಗುವ ಡಿಜಿಟಲ್ ತಕ್ಕಡಿ ಇದೆಯಾ? ಲೈನ್ ಒಣಗಿಸಿ, 30 ಅಡಿ ಅಳೆದು ಗುರುತು ಮಾಡಿ. ಅಷ್ಟನ್ನು ಮಾತ್ರ ಬಟ್ಟಲಲ್ಲಿ ಸುರುಳಿ ಸುತ್ತಿಡಿ. ಉಳಿದದ್ದು ತಕ್ಕಡಿಯನ್ನು ಎಳೆಯದ ಹಾಗೆ ಪಕ್ಕದಲ್ಲಿ ಸಡಿಲವಾಗಿ ಬಿಡಿ.

ಕೆರೆದಂಡೆ:
ತೂಗಿದೆ. 4.7 ಗ್ರಾಂ! ಮೂರು ಸಲ ತೂಗಿದೆ, ಅಷ್ಟೇ ಬಂತು. ಇದು 2-ವೇಟ್‌ಗಿಂತ ಕಡಿಮೆ ಅಲ್ವಾ? ಮೋಸ ಹೋದೆನಾ?

ತಕ್ಕಡಿ ಅಕ್ಕ:
ತಡೀರಿ. ಪೂರ್ತಿ ಲೈನನ್ನು ಹಾಲ್‌ನಲ್ಲಿ ಬಿಚ್ಚಿ ಹಾಕಿ. ಕಣ್ಣು ಮುಚ್ಚಿಕೊಂಡು ತುದಿಯಿಂದ ಬ್ಯಾಕಿಂಗ್ (ಲೈನಿನ ಹಿಂದೆ ರೀಲಿಗೆ ಕಟ್ಟಿರುವ ದಾರ) ತನಕ ಎರಡು ಬೆರಳಲ್ಲಿ ಸವರಿಕೊಂಡು ಹೋಗಿ. ಎಲ್ಲಿ ದಪ್ಪ ಸಿಗುತ್ತದೆ ಹೇಳಿ.

ಕೆರೆದಂಡೆ:
ಅಯ್ಯೋ ಅಕ್ಕಾ. ಸುಮಾರು 50 ಅಡಿ ಒಂದೇ ಸಮ ತೆಳ್ಳಗೆ. ಆಮೇಲೆ ದಪ್ಪ ಶುರು. ಬ್ಯಾಕಿಂಗ್ ಗಂಟಿನ ಹತ್ತಿರ ಬಂದಾಗ ಮತ್ತೆ ಸಣ್ಣಗಾಗುತ್ತದೆ. ಆ ಕೊನೆಯ ಎರಡು ಅಡಿಯಲ್ಲಿ ಉಗುರು ಸಿಕ್ಕುವಷ್ಟು ಬಿರುಕು. ಒಳಗಿನ ಬಿಳಿ ನೂಲು ಕಾಣುತ್ತಿದೆ.

ತಕ್ಕಡಿ ಅಕ್ಕ:
ಅಲ್ಲಿಗೆ ಬಂತು ನೋಡಿ. ನಿಮ್ಮ ಲೈನ್ ಉಲ್ಟಾ ಸುತ್ತಿದೆ. ಮುಂಚಿನವರು ಮುಂದಿನ ತುದಿ ಹಾಳಾಯಿತು ಅಂತ ತಿರುಗಿಸಿ ಹಾಕಿರಬೇಕು. ಡಬಲ್ ಟೇಪರ್ ಆಗಿದ್ದರೆ ಅದು ಒಳ್ಳೆಯ ಉಪಾಯ. ಅದು ಲಟ್ಟಣಿಗೆ ಇದ್ದ ಹಾಗೆ, ಎರಡೂ ತುದಿ ಒಂದೇ. ನಿಮ್ಮದು ವೇಟ್ ಫಾರ್ವರ್ಡ್, ಅಂದರೆ ಸೌಟು. ಹಿಡಿ ಕಡೆಯಿಂದ ಸಾರು ಬಡಿಸಿದರೆ ಏನು ಬರುತ್ತದೆ? ಒಂದು ವರ್ಷದಿಂದ ನೀವು ತೂಕವನ್ನೆಲ್ಲ ರೀಲಿನೊಳಗೆ ಇಟ್ಟುಕೊಂಡು ಬರೀ ರನ್ನಿಂಗ್ ಲೈನ್, ಅಂದರೆ ಹಿಂದಿನ ತೆಳು ಭಾಗ, ಬೀಸುತ್ತಿದ್ದೀರಿ. ಅದರಲ್ಲೂ 20 ಅಡಿ ಎಸೆದಿದ್ದೀರಲ್ಲ, ಕೈ ಚೆನ್ನಾಗಿದೆ.

ಮೀನ್‌ಮಾರ್ಕೆಟ್:
ಸೋತೆ ಅಕ್ಕಾ. 😄 ಅದನ್ನೇ ತಿರುಗಿಸಿ ಹಾಕಿದರೆ ಆಗಲ್ವಾ?

ಬೆಂಡುಗಾಳ:
ಹೊಸದು ಬರುವ ತನಕ ಆಗುತ್ತದೆ. ಬಿರುಕಿನ ಎರಡು ಅಡಿ ಕತ್ತರಿಸಿ, ನೇಲ್ ನಾಟ್ ಅನ್ನುವ ಗಂಟು ಹಾಕಿ ಲೀಡರ್ ಕಟ್ಟಿ. ಮುಂದಿನ ಸಣ್ಣ ಭಾಗ ಗಿಡ್ಡವಾದರೆ ಪಾಪರ್‌ಗೆ ಒಳ್ಳೆಯದೇ. ಆದರೆ ಇನ್ನೊಂದು ಕಡೆ ಡೀಟ್ ತಿಂದಿದೆ, ಜಾಸ್ತಿ ದಿನ ಬಾಳಲ್ಲ.

ಹೊಸದಕ್ಕೆ ಬಂದರೆ, ನಂಬರ್‌ಗಿಂತ ಮೊದಲು ಎರಡು ವಿಷಯ ನೋಡಿ. ಒಂದು, ಟೇಪರ್, ಅಂದರೆ ಲೈನ್ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅನ್ನುವುದು. ಟ್ರೌಟ್ ಮೀನಿಗೆ ಮಾಡಿದ ಲೈನ್‌ಗಳ ಮುಂಭಾಗ ಉದ್ದಕ್ಕೆ, ನಿಧಾನಕ್ಕೆ ಸಣ್ಣಗಾಗುತ್ತದೆ. ನೊಣದಷ್ಟು ಹಗುರ ಫ್ಲೈ ಸದ್ದಿಲ್ಲದೆ ಇಳಿಯಲಿ ಅಂತ. ಪಾಪರ್ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಆ ಉದ್ದ ತುದಿಗೆ ಬರುವಷ್ಟರಲ್ಲಿ ನೀವು ಕೊಟ್ಟ ಬಲ ಸತ್ತಿರುತ್ತದೆ. ಬಾಸ್ ಟೇಪರ್ ಅಂತ ಮಾರುವ ಲೈನ್‌ಗಳಲ್ಲಿ ತೂಕ ಮುಂದಕ್ಕೆ ಒತ್ತಿರುತ್ತದೆ, ತುದಿ ಗಿಡ್ಡ. ಅದು ಬೇಕು.

ಎರಡನೆಯದು ಬಿಸಿ. ತಣ್ಣೀರಿಗೆ ಮಾಡಿದ ಲೈನ್ ನಿಮ್ಮ ಜುಲೈನಲ್ಲಿ ಬೆಂದ ನೂಡಲ್ ಆಗುತ್ತದೆ, ರಾಡಿನ ಬಳೆಯಂಥ ಗೈಡ್‌ಗಳಿಗೆ ಅಂಟುತ್ತದೆ. ಹಾಗಂತ ಸಮುದ್ರಕ್ಕೆ ಮಾಡಿದ ಟ್ರಾಪಿಕಲ್ ಲೈನ್ ತಗೊಂಡರೆ ಫೆಬ್ರವರಿಯಲ್ಲಿ ಸ್ಪ್ರಿಂಗ್ ಥರ ಸುರುಳಿ ಬಿಡಲ್ಲ. ವಾರ್ಮ್‌ವಾಟರ್ ಅಂತ ಬರೆದಿರುವುದು ಇವೆರಡರ ನಡುವಿನದು. ಸೊಳ್ಳೆ ಸ್ಪ್ರೇ ಬಿಡಲಾಗದಿದ್ದರೆ ಏರ್‌ಫ್ಲೋದವರ ಪಾಲಿಯುರಿಥೇನ್ ಲೈನ್ ಕೂಡ ಇದೆ, ಅದರಲ್ಲಿ ಪಿವಿಸಿ ಇಲ್ಲ. ಅದಕ್ಕೂ ಡೀಟ್ ಸವರಬೇಡಿ ಮತ್ತೆ.

ಫ್ಲೋಟಿಂಗ್, ಅಂದರೆ ತೇಲುವ ಲೈನ್ ಒಂದೇ ಸಾಕು. ಆಳಕ್ಕೆ ಬೇಕೆಂದರೆ ತೂಕದ ವೂಲಿ ಬಗ್ಗರ್ ಅನ್ನುವ ಮುಳುಗುವ ಫ್ಲೈ ಕಟ್ಟಿ. ಬಣ್ಣ ನಿಮ್ಮ ಕಣ್ಣಿಗೆ ಕಂಡರೆ ಸಾಕು, ಮೀನಿಗೆ ಹತ್ತಿರ ಇರುವುದು ಲೀಡರ್.

ತಕ್ಕಡಿ ಅಕ್ಕ:
ನಂಬರ್ ಬಗ್ಗೆ ನಾನು ಹೇಳುತ್ತೇನೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗ್ರೇನ್ ಇರುತ್ತದೆ, ಅದನ್ನು ಓದಿ. ಎಷ್ಟೋ ಬಾಸ್ ಲೈನ್‌ಗಳಿಗೆ ಹೊರಗೆ 5 ಅಂತ ಬರೆದು ಒಳಗೆ ಅರ್ಧ ಸೈಜೋ ಒಂದು ಸೈಜೋ ಜಾಸ್ತಿ ತುಂಬಿರುತ್ತಾರೆ. ಅಂಥದ್ದರಲ್ಲಿ 6 ಕೊಂಡರೆ ನಿಮ್ಮ ರಾಡ್ ಮೇಲೆ 7 ಕೂತಂತೆ. ನಿಮ್ಮದು ಸಣ್ಣ ಕೆರೆ, 30 ಅಡಿ ಪೂರ್ತಿ ಹೊರಗೆ ಬಿಡುವುದೇ ಅಪರೂಪ. ಹತ್ತಿರದ ಎಸೆತಕ್ಕೆ ಸ್ವಲ್ಪ ಭಾರ ಇದ್ದರೆ ರಾಡ್ ಬೇಗ ಬಾಗುತ್ತದೆ. ಮೀನ್‌ಮಾರ್ಕೆಟ್ ತಮ್ಮನ 6 ಕೆಲಸ ಮಾಡುತ್ತಿರುವುದು ಅದಕ್ಕೇ. 150 ಗ್ರೇನ್ ಆಸುಪಾಸಿನ ಬಾಸ್ ಟೇಪರ್ ಹುಡುಕಿ. 160 ಆದರೂ ಚಿಂತೆಯಿಲ್ಲ, ಅದರ ಮೇಲೆ ಬೇಡ.

ಲೀಡರ್ ಏಳೂವರೆ ಅಡಿ, ನೈಲಾನ್. ಫ್ಲೋರೋಕಾರ್ಬನ್ ಮುಳುಗುತ್ತದೆ, ಪಾಪರ್‌ನ ಮೂತಿ ಕೆಳಗೆಳೆಯುತ್ತದೆ. ಬಾಸ್‌ಗೆ 2ಎಕ್ಸ್ ದಪ್ಪ, ಬ್ಲೂಗಿಲ್‌ಗೆ ಅದಕ್ಕಿಂತ ತೆಳ್ಳನೆಯ 4ಎಕ್ಸ್. ಬ್ಲೂಗಿಲ್ ಬಾಯಿ ಚಿಕ್ಕದು, ಪಾಪರ್ ನಂಬರ್ 8, 10 ಇರಲಿ (ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು).

ಕೆರೆದಂಡೆ, ಹತ್ತು ದಿನದ ನಂತರ:
152 ಗ್ರೇನ್‌ನ ಫ್ಲೋಟಿಂಗ್ ಬಾಸ್ ಟೇಪರ್ ಬಂತು. ‘ಈ ತುದಿ ರೀಲಿಗೆ’ ಅನ್ನುವ ಚೀಟಿ ಅಂಟಿಸಿಯೇ ಬಂದಿತ್ತು. ಎರಡು ಸಲ ಓದಿ ಸುತ್ತಿದೆ. ಮೊದಲ ಎಸೆತದಲ್ಲಿ ಹಳೇ ಅಭ್ಯಾಸದಂತೆ ಜೋರಾಗಿ ಬೀಸಿದೆ, ಪಾಪರ್ ಆಚೆ ದಡದ ವಿಲೋ ಮರಕ್ಕೆ ಹೋಗಿ ಕೂತಿತು. ಅದು ಈಗಲೂ ಅಲ್ಲೇ ಇದೆ. ಎರಡನೆಯದನ್ನು ಮೆಲ್ಲಗೆ ಬಿಟ್ಟೆ. ಲೈನ್ ಚಾಪೆ ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಂಡು ಹೋಗಿ, ಕೊನೆಗೆ ಪಾಪರ್ ಟಪ್ ಅಂತ ಕೂತಿತು. ಅಂಗೈಯಗಲದ ಬ್ಲೂಗಿಲ್ ಏಳು ಸಿಕ್ಕವು, ಎಲ್ಲವನ್ನೂ ವಾಪಸ್ ಬಿಟ್ಟೆ. ಬಾಸ್ ಒಂದು ಬಂದು ಬಿಡಿಸಿಕೊಂಡು ಹೋಯಿತು.

ರಾಡ್ ಈಗ ಮನೆಯೊಳಗೆ. ಹಳೇ ಲೈನನ್ನು ಹೆಂಡತಿ ಹೀರೇಕಾಯಿ ಚಪ್ಪರಕ್ಕೆ ಕಟ್ಟಿದ್ದಾಳೆ. ಯಾವ ತುದಿ ಮೇಲೆ ಬರಬೇಕು ಅಂತ ಕೇಳಿದಳು.