ಇಬ್ಬರು ಅಮ್ಮಂದಿರು, ಇಬ್ಬರು ಅಪ್ಪಂದಿರು: ಫರ್ಟಿಲಿಟಿ ತಜ್ಞರಿಗೆ ಕೇಳಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಾವಿಬ್ಬರೂ ಹೆಂಗಸರು. ನನಗೆ 31, ಅವಳಿಗೆ 37. ಒಬ್ಬರ ಅಂಡಾಣು, ಇನ್ನೊಬ್ಬರ ಗರ್ಭ ಅನ್ನೋ ಆಸೆ ಇದೆ. ಅಷ್ಟೆಲ್ಲ ಯಾಕೆ, ದಾನಿಯ ವೀರ್ಯ ತಗೊಂಡು ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕೋದು) ಮಾಡಿಸಿ ಸಾಕು ಅಂತಾರೆ ಕೆಲವರು. ಏನು ಮಾಡೋಣ?

ವೈದ್ಯೆ: ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ, ತೀರ್ಮಾನ ಆಮೇಲೆ. ಎಎಂಹೆಚ್ ರಕ್ತಪರೀಕ್ಷೆ, ಸ್ಕ್ಯಾನಿನಲ್ಲಿ ಅಂಡಾಣು ಬೆಳೆಯುವ ಕೋಶಿಕೆಗಳ ಎಣಿಕೆ, ಥೈರಾಯ್ಡ್, ರುಬೆಲ್ಲಾ ನಿರೋಧಕತೆ ಇಬ್ಬರಿಗೂ ಬೇಕು. ಐಯುಐ ಮಾಡಿಸಿಕೊಳ್ಳುವವರಿಗೆ ಅಂಡನಾಳ ತೆರೆದಿದೆಯೇ ಎಂಬ ಪರೀಕ್ಷೆಯೂ ಬೇಕು. ನಾಳ ಮುಚ್ಚಿದ್ದರೆ ಎಷ್ಟು ಸಲ ಐಯುಐ ಮಾಡಿದರೂ ದುಡ್ಡು ನೀರಿಗೆ ಹಾಕಿದಂತೆ. ಎಎಂಹೆಚ್ ಹೇಳುವುದು ಅಂಡಾಣು ಎಷ್ಟು ಉಳಿದಿವೆ ಎಂದಷ್ಟೇ. ಗುಣಮಟ್ಟವನ್ನು ನಿರ್ಧರಿಸುವುದು ವಯಸ್ಸು.

ನಿಮ್ಮ ನಾಳಗಳು ಸರಿಯಿದ್ದು ನೀವೇ ಹೊರುವುದಾದರೆ ಐಯುಐಯಿಂದ ಶುರುಮಾಡಬಹುದು. ಮೂರರಿಂದ ಆರು ಸಲದೊಳಗೆ ಬಸಿರು ನಿಲ್ಲದಿದ್ದರೆ ಐವಿಎಫ್‌ಗೆ (ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ವಿಧಾನ) ಹೋಗಿ. ಇಬ್ಬರೂ ಪಾಲುಗೊಳ್ಳಬೇಕೆಂದಿದ್ದರೆ ನಿಮ್ಮ ಅಂಡಾಣು, ಅವರ ಗರ್ಭ ಒಳ್ಳೆಯ ಜೋಡಣೆ. ಇದನ್ನು ತಿರುಗಿಸಿ ಮಾಡಬೇಡಿ: 37ರ ಗರ್ಭಕೋಶ ಚೆನ್ನಾಗಿಯೇ ಹೊರುತ್ತದೆ, 37ರ ಅಂಡಾಣು ಮಾತ್ರ ವರ್ಷದಿಂದ ವರ್ಷಕ್ಕೆ ಸೋಲುತ್ತದೆ. ಒಂದು ವಿಷಯ ಮೊದಲೇ ಗೊತ್ತಿರಲಿ. ಬೇರೆಯವರ ಅಂಡಾಣುವಿನಿಂದಾದ ಬಸಿರಿನಲ್ಲಿ, ಅದು ಸಂಗಾತಿಯದೇ ಆಗಿದ್ದರೂ, ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಅಪಾಯ ಹೆಚ್ಚು. ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ಪ್ರಸೂತಿ ವೈದ್ಯರನ್ನು ಮೊದಲ ಭೇಟಿಯಲ್ಲೇ ಕೇಳಿ.

ಪ್ರಶ್ನೆ: ವೀರ್ಯ ಬ್ಯಾಂಕಿನ ಪಟ್ಟಿಯಲ್ಲಿ ಐಯುಐ ವಯಲ್, ಐಸಿಐ ವಯಲ್ ಅಂತ ಎರಡಿವೆ. ಅಗ್ಗದ್ದು ತಗೊಂಡ್ರೆ ತೊಂದರೆ ಇದೆಯಾ?

ಎಂಬ್ರಿಯಾಲಜಿಸ್ಟ್ (ಲ್ಯಾಬಿನ ಭ್ರೂಣ ತಜ್ಞರು): ಐಯುಐ ವಯಲ್ ಎಂದರೆ ತೊಳೆದು ದ್ರವ ತೆಗೆದ ವೀರ್ಯ, ಐಸಿಐ ವಯಲ್ ಎಂದರೆ ಗರ್ಭಕೋಶದ ಬಾಯಿಯ ಬಳಿ ಹಾಕುವ, ತೊಳೆಯದ ವೀರ್ಯ. ಅದರಲ್ಲಿರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ನೇರ ಗರ್ಭಕೋಶಕ್ಕೆ ಹೋದರೆ ಸಹಿಸಲಾಗದ ಸೆಡೆತ ಬರುತ್ತದೆ, ಹಾಗಾಗಿ ಲ್ಯಾಬಿನಲ್ಲಿ ತೊಳೆಯದೆ ಒಳಗೆ ಹಾಕುವಂತಿಲ್ಲ. ತೊಳೆಯುವಾಗ ಒಂದಷ್ಟು ವೀರ್ಯಾಣು ನಷ್ಟವಾಗುತ್ತವೆ. ತೊಳೆಯುವ ಖರ್ಚು ಸೇರಿಸಿ ಲೆಕ್ಕ ಹಾಕಿ ನೋಡಿ, ಅಗ್ಗ ಅಗ್ಗವಾಗಿ ಉಳಿಯದೇ ಇರಬಹುದು. ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೇಲೆ ಚಲಿಸುವ ವೀರ್ಯಾಣು ಒಟ್ಟು 50 ಲಕ್ಷಕ್ಕಿಂತ ಕಡಿಮೆಯಿದ್ದರೆ ಐಯುಐ ಫಲಿಸುವ ಸಾಧ್ಯತೆ ಇಳಿಯುತ್ತದೆ. ದಾನಿಯ ಸಿಎಂವಿ (ಬಸಿರಿನಲ್ಲಿ ಮಗುವಿಗೆ ತಗುಲಬಹುದಾದ ಒಂದು ವೈರಸ್) ಫಲಿತಾಂಶವನ್ನೂ ನೋಡಿ. ಹೊರುವವರು ಸಿಎಂವಿ ನೆಗೆಟಿವ್ ಆಗಿದ್ದರೆ ದಾನಿಯೂ ನೆಗೆಟಿವ್ ಇರುವುದು ಕ್ಷೇಮ. ದಾನಿ ಮತ್ತು ಅಂಡಾಣು ಕೊಡುವವರು ಇಬ್ಬರೂ ಒಂದೇ ಆನುವಂಶಿಕ ರೋಗದ ವಾಹಕರಾಗಿರಬಾರದು. ಯಾರ ಅಂಡಾಣುವೋ ಅವರ ವರದಿಯನ್ನೇ ದಾನಿಯ ವರದಿಗೆ ಹೋಲಿಸಬೇಕು, ಹೊರುವವರದ್ದನ್ನಲ್ಲ. ಈ ಗೊಂದಲ ಆಗಾಗ ಆಗುತ್ತದೆ.

ವೈದ್ಯೆ: ಸಮಯದ ಬಗ್ಗೆ ಒಂದು ಮಾತು. ತಾಜಾ ವೀರ್ಯಾಣು ಮೂರರಿಂದ ಐದು ದಿನ ಒಳಗೆ ಬದುಕಬಹುದು. ಹೆಪ್ಪುಗಟ್ಟಿಸಿ ಕರಗಿಸಿದ್ದು ಒಂದು ದಿನ ಉಳಿದರೆ ಹೆಚ್ಚು. ಅದಕ್ಕೇ ಎಲ್‌ಎಚ್ ಕಡ್ಡಿಯಲ್ಲಿ (ಅಂಡಾಣು ಬಿಡುಗಡೆಗೆ ಮುನ್ನ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಕಡ್ಡಿ) ಗೆರೆ ಬಂದ ಮರುದಿನ, ಅಥವಾ ಅಂಡಾಣು ಬಿಡುಗಡೆ ಮಾಡಿಸುವ ಟ್ರಿಗರ್ ಚುಚ್ಚುಮದ್ದಿನ ಸುಮಾರು 36 ಗಂಟೆಗೆ ಐಯುಐ ಮಾಡುವುದು. ಕಡ್ಡಿ ಪರೀಕ್ಷೆಯನ್ನು ದಿನಕ್ಕೊಂದೇ ಸಲ ಮಾಡಿದರೆ ಏರಿಕೆ ತಪ್ಪಿಹೋಗಬಹುದು. ಆ ದಿನಗಳಲ್ಲಿ ಎರಡು ಸಲ ಮಾಡಿ.

ಪ್ರಶ್ನೆ: ಇಬ್ಬರ ಐವಿಎಫ್‌ನಲ್ಲಿ ಯಾರಿಗೆ ಯಾವ ಔಷಧಿ? ಒಟ್ಟಿಗೇ ಶುರು ಮಾಡಬೇಕಾ?

ವೈದ್ಯೆ: ಒಟ್ಟಿಗೇ ಆಗಬೇಕೆಂದಿಲ್ಲ. ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಆಮೇಲೆ ವರ್ಗಾಯಿಸುವುದೇ ಸುಲಭ, ಇಬ್ಬರ ಮುಟ್ಟನ್ನು ಹೊಂದಿಸುವ ತಲೆನೋವಿಲ್ಲ. ಅಂಡಾಣು ಕೊಡುವವರಿಗೆ ಕೋಶಿಕೆಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಚುಚ್ಚುಮದ್ದು 10ರಿಂದ 12 ದಿನ, ಸಾಮಾನ್ಯವಾಗಿ ದಿನಕ್ಕೆ 150ರಿಂದ 300 ಯೂನಿಟ್. ಐದು ಅಥವಾ ಆರನೇ ದಿನದಿಂದ ಅಂಡಾಣು ಬೇಗ ಬಿಡುಗಡೆಯಾಗದಂತೆ ತಡೆಯುವ ಆ್ಯಂಟಾಗನಿಸ್ಟ್. ಮುಂದಿರುವ ಕೋಶಿಕೆಗಳು 17–18 ಮಿ.ಮೀ. ಆದಾಗ ಟ್ರಿಗರ್, ಅದಾದ 34–36 ಗಂಟೆಗೆ ಅಂಡಾಣು ತೆಗೆಯುವುದು. ರಾತ್ರಿ ಒಂಬತ್ತಕ್ಕೆ ಎಂದು ಹೇಳಿದ್ದರೆ ಒಂಬತ್ತಕ್ಕೇ ಚುಚ್ಚಿಸಿಕೊಳ್ಳಿ. ತಡವಾದರೆ ಕ್ಲಿನಿಕ್ಕಿಗೆ ತಕ್ಷಣ ತಿಳಿಸಿ, ಮುಚ್ಚಿಡಬೇಡಿ, ಅವರು ಶಸ್ತ್ರಕ್ರಿಯೆಯ ಹೊತ್ತನ್ನು ಹಿಂದೆ ಮುಂದೆ ಮಾಡಬಹುದು. ಕೋಶಿಕೆಗಳು ವಿಪರೀತ ಬಂದಿದ್ದರೆ ಹೆಚ್‌ಸಿಜಿ ಹಾರ್ಮೋನಿನ ಟ್ರಿಗರ್ ಬದಲು ಅಗೋನಿಸ್ಟ್ ಎಂಬ ಬೇರೆ ಬಗೆಯ ಟ್ರಿಗರ್ ಕೇಳಿ, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಬಹಳ ತಗ್ಗುತ್ತದೆ.

ಹೊರುವವರಿಗೆ ಮುಟ್ಟು ನಿಯಮಿತವಾಗಿದ್ದರೆ ಸಹಜ ಚಕ್ರದಲ್ಲೇ ವರ್ಗಾಯಿಸುವುದು ನನ್ನ ಒಲವು. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಬಸಿರಿಗೆ ಆಸರೆ ಕೊಡುತ್ತದೆ, ಪ್ರಿಎಕ್ಲಾಂಪ್ಸಿಯಾ ಕೂಡ ಕಡಿಮೆ ಕಂಡುಬಂದಿದೆ. ಔಷಧಿಯ ಚಕ್ರವಾದರೆ ಎಸ್ಟ್ರಡಯಾಲ್ ಮಾತ್ರೆ, ಗರ್ಭಕೋಶದ ಒಳಪದರ 7 ಮಿ.ಮೀ. ದಾಟಿದ ಮೇಲೆ ಬಸಿರನ್ನು ಉಳಿಸುವ ಹಾರ್ಮೋನಾದ ಪ್ರೊಜೆಸ್ಟರಾನ್, ಅದರ ಐದು ದಿನ ಪೂರ್ತಿಯಾದ ಮೇಲೆ ಬ್ಲಾಸ್ಟೊಸಿಸ್ಟ್ (ಐದಾರು ದಿನ ಬೆಳೆದ ಭ್ರೂಣ) ವರ್ಗಾವಣೆ. ಇಲ್ಲಿ ದೇಹ ತಾನಾಗಿ ಪ್ರೊಜೆಸ್ಟರಾನ್ ಮಾಡುವುದಿಲ್ಲ. ಹತ್ತು ಹನ್ನೆರಡು ವಾರದವರೆಗೆ ಒಂದು ಡೋಸೂ ತಪ್ಪಬಾರದು.

ಪ್ರಶ್ನೆ: ಸ್ನೇಹಿತೆಗೆ 12 ಅಂಡಾಣು ಸಿಕ್ಕಿ, ಕೊನೆಗೆ ಉಳಿದದ್ದು ಮೂರೇ ಭ್ರೂಣ. ಲ್ಯಾಬಿನ ತಪ್ಪಾ?

ಎಂಬ್ರಿಯಾಲಜಿಸ್ಟ್: ಇಲ್ಲ, ಅದು ಒಳ್ಳೆಯ ಲೆಕ್ಕವೇ. 12ರಲ್ಲಿ ಒಂಬತ್ತು ಹತ್ತು ಪಕ್ವ, ಅದರಲ್ಲಿ ಆರೇಳು ಫಲಿತ, ಅದರಲ್ಲಿ ಅರ್ಧ ಅಥವಾ ಅದಕ್ಕೂ ಕಡಿಮೆ ಬ್ಲಾಸ್ಟೊಸಿಸ್ಟ್.

ಪ್ರಶ್ನೆ: ನಾವು ಇಬ್ಬರು ಗಂಡಸರು. ದಾನಿಯ ಅಂಡಾಣುಗಳನ್ನು ಅರ್ಧರ್ಧ ಹಂಚಿ, ಇಬ್ಬರ ಭ್ರೂಣವನ್ನೂ ಒಟ್ಟಿಗೇ ಇಟ್ಟರೆ ಅವಳಿ ಆಗಲ್ವಾ? ನನ್ನ ಸಂಗಾತಿ ಜಿಮ್‌ಗೆಂದು ಟೆಸ್ಟೊಸ್ಟೆರಾನ್ ತಗೋತಾರೆ.

ಎಂಬ್ರಿಯಾಲಜಿಸ್ಟ್: ಹಂಚುವುದು ಸರಿ. ಇಬ್ಬರ ವೀರ್ಯದಿಂದಲೂ ಬೇರೆ ಬೇರೆಯಾಗಿ ಇಕ್ಸಿ (ಒಂದು ಅಂಡಾಣುವಿಗೆ ಒಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವುದು) ಮಾಡಿ, ಡಬ್ಬಿಗಳ ಮೇಲೆ ಬೇರೆ ಗುರುತು ಹಾಕುತ್ತಾರೆ. ಹೆಪ್ಪುಗಟ್ಟಿಸಿದ ಅಂಡಾಣು ಕೊಳ್ಳುವುದಾದರೆ ಕರಗಿಸುವಾಗ ಕೆಲವು ಸಾಯುತ್ತವೆ, ಆರು ಅಂಡಾಣುವನ್ನು ಇಬ್ಬರಿಗೆ ಹಂಚಿದರೆ ಒಬ್ಬರ ಪಾಲಿಗೆ ಏನೂ ಉಳಿಯದೇ ಹೋಗಬಹುದು.

ಟೆಸ್ಟೊಸ್ಟೆರಾನ್ ಇವತ್ತೇ ವೈದ್ಯರ ಸಲಹೆಯಂತೆ ನಿಲ್ಲಿಸಲಿ. ಹೊರಗಿನಿಂದ ಕೊಟ್ಟಾಗ ಮೆದುಳಿನಿಂದ ವೃಷಣಕ್ಕೆ ಹೋಗುವ ಸೂಚನೆ ನಿಂತುಹೋಗುತ್ತದೆ, ಎಣಿಕೆ ಸೊನ್ನೆಗೂ ಇಳಿಯಬಹುದು. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆದ್ದರಿಂದ ನಿಲ್ಲಿಸಿ ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ, ಕೆಲವರಿಗೆ ಚೇತರಿಕೆಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಜೋರು ಜ್ವರ ಬಂದಿದ್ದರೂ ಇದೇ ಲೆಕ್ಕ.

ವೈದ್ಯೆ: ಅವಳಿಯ ಆಸೆ ಅರ್ಥವಾಗುತ್ತದೆ, ಆದರೆ ಆ ಅಪಾಯವನ್ನು ಹೊರುವವಳು ಇನ್ನೊಬ್ಬಳು, ನಿಮ್ಮ ಮಗುವನ್ನು ಹೊರುವ ಬಾಡಿಗೆ ತಾಯಿ. ಅವಧಿಗೆ ಮುನ್ನ ಹೆರಿಗೆ, ರಕ್ತದೊತ್ತಡ, ಸಿಸೇರಿಯನ್, ಎಲ್ಲವೂ ಅವಳಿಯಲ್ಲಿ ಹೆಚ್ಚು. ಒಂದು ಸಲಕ್ಕೆ ಒಂದೇ ಭ್ರೂಣ. ಇನ್ನೊಬ್ಬರದ್ದು ಎರಡನೇ ಮಗುವಿಗೆ ಇರಲಿ.

ಪ್ರಶ್ನೆ: ನನ್ನ ಅಕ್ಕ ಹೊರುತ್ತೇನೆ ಅಂದಿದ್ದಾಳೆ. ಅವಳಿಗೆ ಎರಡು ಮಕ್ಕಳಿದ್ದಾರೆ. ನನ್ನ ವೀರ್ಯ ಬಳಸಬಹುದಾ?

ವೈದ್ಯೆ: ದಾನಿಯ ಅಂಡಾಣುವಿಗೆ ನಿಮ್ಮ ವೀರ್ಯ ಸೇರಿಸಿ, ಭ್ರೂಣವನ್ನು ಅಕ್ಕನ ಗರ್ಭದಲ್ಲಿಟ್ಟರೆ ವೈದ್ಯಕೀಯವಾಗಿ ತೊಂದರೆಯಿಲ್ಲ. ಅಕ್ಕನ ಜೀನು ಮಗುವಿಗೆ ಬರುವುದಿಲ್ಲ. ಅಕ್ಕನದೇ ಅಂಡಾಣುವಾದರೆ ನಿಮ್ಮ ವೀರ್ಯ ಎಂದಿಗೂ ಕೂಡದು, ಸಂಗಾತಿಯದು ಮಾತ್ರ. ಎರಡು ಹೆರಿಗೆ ಆಗಿರುವುದು ಒಳ್ಳೆಯದೇ, ಆದರೆ ಅವು ತೊಡಕಿಲ್ಲದೆ ಆಗಿದ್ದವೇ ಎಂದು ಹಳೆಯ ದಾಖಲೆ ತರಿಸಿ ನೋಡಬೇಕು. ಮೂರಕ್ಕಿಂತ ಹೆಚ್ಚು ಸಿಸೇರಿಯನ್ ಆಗಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಪ್ತಸಮಾಲೋಚಕರು ಅಕ್ಕನ ಜೊತೆ ನೀವಿಲ್ಲದಾಗ ಮಾತಾಡಲಿ. ಮನೆಯವರ ಮುಂದೆ ಬೇಡ ಅನ್ನಲು ನಾಲಿಗೆ ಬರುವುದಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಪೂರ್ತಿ ಬೇರೆ. ಕೆಲವೆಡೆ ಸಲಿಂಗಿ ಜೋಡಿಗೆ ಬಾಡಿಗೆ ತಾಯ್ತನಕ್ಕೇ ಅವಕಾಶವಿಲ್ಲ, ಹಲವೆಡೆ ಹೆತ್ತವಳೇ ಕಾನೂನಿನ ತಾಯಿ. ಹಾಗಾಗಿ ಔಷಧಿ ಶುರುವಾಗುವ ಮೊದಲೇ ವಕೀಲರನ್ನು ಕಾಣಿ. ನಿಮಗೊಬ್ಬರು, ಅಕ್ಕನಿಗೊಬ್ಬರು, ಬೇರೆ ಬೇರೆ. ಒಪ್ಪಂದದಲ್ಲಿ ಬಿಟ್ಟುಹೋಗುವ ವಿಷಯ ಮೂರು: ಬಸಿರಿನ ನಡುವೆ ನೀವಿಬ್ಬರೂ ಬೇರೆಯಾದರೆ ಮಗು ಯಾರದು, ಅಕ್ಕನ ಜೀವಕ್ಕೆ ಅಪಾಯ ಬಂದರೆ ಯಾರ ಮಾತು ಅಂತಿಮ (ಅವಳದೇ ಆಗಿರಬೇಕು), ಉಳಿದ ಭ್ರೂಣಗಳನ್ನು ಎಷ್ಟು ವರ್ಷ ಇಡುವುದು, ಆಮೇಲೆ ಏನು ಮಾಡುವುದು.