ನರ್ಸರಿಗೆ ಕಳಿಸದೆ ಮನೆಯಲ್ಲೇ ಕಲಿಸಿದವರು ಇದ್ದೀರಾ? ಅನುಭವ ಹೇಳಿ

ಆಗಸ್ಟ್ ಮಗುವಿನ ಅಮ್ಮ, ಬೆಂಗಳೂರು

ಮಗ ಹುಟ್ಟಿದ್ದು 2022ರ ಆಗಸ್ಟ್. ಈ ಜೂನ್ 1ಕ್ಕೆ ನಾಲ್ಕು ತುಂಬಲು ಎರಡು ತಿಂಗಳು ಕಡಿಮೆ ಬೀಳುತ್ತೆ. ಹತ್ತಿರದ ಶಾಲೆಯವರು ಎಲ್‌ಕೆಜಿ ಆಗಲ್ಲ, ನರ್ಸರಿಗೆ ಹಾಕಿ ಎನ್ನುತ್ತಾರೆ. ಫೀಸು 72,000, ವ್ಯಾನಿಗೆ ಬೇರೆ. ಹೀಗೆ ಒಂದನೇ ಕ್ಲಾಸಿಗೆ ಮುಂಚೆಯೇ ಮೂರು ವರ್ಷ ಕಟ್ಟಬೇಕು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಮಗ ಮಿಷನ್ ಪಕ್ಕದಲ್ಲೇ ಆಡಿಕೊಂಡಿರುತ್ತಾನೆ. ಈ ಒಂದು ವರ್ಷವಾದರೂ ನಾನೇ ಕಲಿಸಿದರೆ ಆಗುತ್ತಾ? ದಿನಕ್ಕೆ ಎಷ್ಟು ಹೊತ್ತು ಬೇಕು? ಮುಂದೆ ಅಡ್ಮಿಷನ್‌ಗೆ ತೊಂದರೆ ಆಗುತ್ತಾ? ಇನ್ನೊಂದು ವಿಷಯ, ಬಳಪ ಕೊಟ್ಟರೆ ಅವನು ತಿಂದುಬಿಡುತ್ತಾನೆ.

ತುಮಕೂರಿನವಳು

ಧೈರ್ಯವಾಗಿ ಮಾಡಿ. ನಾನು ಮಗಳಿಗೆ ಎರಡು ವರ್ಷ ಮನೆಯಲ್ಲೇ ಕಲಿಸಿದೆ. ಆದರೆ ದುಡ್ಡು ಉಳಿಯುತ್ತೆ ಎಂದುಕೊಂಡಿದ್ದರೆ ಮೊದಲು ನನ್ನ ಲೆಕ್ಕ ನೋಡಿ. ಪ್ರಿಂಟರ್ 11,400. ಲ್ಯಾಮಿನೇಷನ್ ಮಿಷನ್ 2,850. ಪೌಚು ನೂರಕ್ಕೆ 420, ಅಂಥ ಮೂರು ಪ್ಯಾಕೆಟ್ 1,260. ಇಂಕಿಗೆ 3,600. ಮರದ ಅಕ್ಷರಗಳ ಹಲಗೆ 750. ಒಟ್ಟು 19,860, ಅದೂ ಮೊದಲ ಆರು ತಿಂಗಳಲ್ಲೇ. ರಾತ್ರಿ ಹನ್ನೊಂದರವರೆಗೆ ಕೂತು ಹಣ್ಣು, ತರಕಾರಿ, ಪ್ರಾಣಿ ಎಂದು ಕತ್ತರಿಸಿ ಕತ್ತರಿಸಿ ಲ್ಯಾಮಿನೇಟ್ ಮಾಡಿದೆ. ಬೆಳಿಗ್ಗೆ ಅವಳು ಅವನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ಜಾರುಬಂಡಿ ಮಾಡಿಕೊಂಡಳು.

ಆ ಮರದ ಹಲಗೆಯಲ್ಲಿ ‘ಳ’ ಮೊದಲ ವಾರವೇ ಕಳೆದುಹೋಯಿತು. ‘ಬಳಪ’ ಜೋಡಿಸು ಎಂದರೆ ‘ಬ’ ಇಡುತ್ತಾಳೆ, ಆಮೇಲೆ ನನ್ನ ಹಳೇ ಸ್ವೆಟರಿನ ಗುಂಡಿ ಒಂದು, ಆಮೇಲೆ ‘ಪ’. ಎಂಟು ತಿಂಗಳು ನಮ್ಮ ಮನೆಯಲ್ಲಿ ಗುಂಡಿಯೇ ‘ಳ’. ಸೋಫಾ ಜರುಗಿಸಿದಾಗ ನಿಜವಾದ ‘ಳ’ ಸಿಕ್ಕಿತು. ಅವಳು ಅದನ್ನು ಒಪ್ಪಲೇ ಇಲ್ಲ.

ನಿಜ ಹೇಳಬೇಕು ಅಂದರೆ ಲೆಕ್ಕ ಕಲಿತದ್ದು ಅವರೆಕಾಯಿ ಸುಲಿಯುವಾಗ. ಯಾವ ಕಾಯಲ್ಲಿ ಮೂರು ಕಾಳು, ಯಾವುದರಲ್ಲಿ ನಾಲ್ಕು ಅಂತ. ಕೂರಿಸಿ ಕಲಿಸಿದ್ದು ದಿನಕ್ಕೆ ನಲವತ್ತು ನಿಮಿಷ, ಅಷ್ಟೇ. ಉಳಿದ ಹೊತ್ತೆಲ್ಲ ಅತ್ತೆಯ ಜೊತೆ ಯುದ್ಧ. ಬಂದವರಿಗೆಲ್ಲ ‘ನಮ್ಮ ಮೊಮ್ಮಗಳಿಗೆ ಸ್ಕೂಲೇ ಇಲ್ಲ’ ಎಂದು ಅಳುತ್ತಿದ್ದರು, ಫೀಸು ಕಟ್ಟಲು ಗತಿ ಇಲ್ಲವೇನೋ ಅನ್ನೋ ಹಾಗೆ. ಈಗ ಮೂರನೇ ಕ್ಲಾಸಲ್ಲಿ ಮೊದಲು ಓದಿ ಮುಗಿಸುವವಳು ಇವಳೇ.

ಎಲ್‌ಕೆಜಿ ಮಿಸ್ (14 ವರ್ಷ)

ಲ್ಯಾಮಿನೇಷನ್ ಮಿಷನ್ ತಂದ ಮಾತ್ರಕ್ಕೆ ಟೀಚರ್ ಆಗಲ್ಲ ಮೇಡಂ. ಮನೆಯಲ್ಲೇ ಕಲಿತ ಮಕ್ಕಳನ್ನು ಪ್ರತಿ ಜೂನ್‌ನಲ್ಲೂ ನಾನು ನೋಡಿದ್ದೇನೆ. ಇಪ್ಪತ್ತರ ಮಗ್ಗಿ ಹೇಳುತ್ತಾರೆ, ಟಿಫಿನ್ ಡಬ್ಬಿ ತೆಗೆಯಲು ಬರಲ್ಲ. ಸೂಸು ಬಂದರೆ ಹೇಳಲ್ಲ, ಅಮ್ಮ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದಳು ತಾನೇ? ಒಬ್ಬ ಹುಡುಗ ಮೂರು ವಾರ ಬ್ಯಾಗು ಬೆನ್ನಿಂದ ಇಳಿಸಲಿಲ್ಲ. ಇಳಿಸಿದರೆ ಇಲ್ಲೇ ಇರಬೇಕಾಗುತ್ತೆ ಅಂತ ಅವನ ಲೆಕ್ಕ. ಬ್ಯಾಗು ಹಾಕಿಕೊಂಡೇ ಕೈ ತೊಳೆಸಿ, ಊಟ ಮಾಡಿಸಿ, ಹಾಡು ಹೇಳಿಸಿದೆ. ಇದೆಲ್ಲ ಯಾವ ಪ್ರಿಂಟರಲ್ಲಿ ಬರುತ್ತೆ?

ಫೀಸಿನ ಬಗ್ಗೆ ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ನಾನು ಕೊನೆಗೆ ಕೆಲಸ ಮಾಡಿದ ಕಡೆ ಒಂದು ಸೆಕ್ಷನ್‌ಗೆ 32 ಮಕ್ಕಳು, ತಲಾ 45,000. ಅಂದರೆ 14,40,000. ನನ್ನ ಸಂಬಳ ತಿಂಗಳಿಗೆ 11,000, ವರ್ಷಕ್ಕೆ 1,32,000. ಏಪ್ರಿಲ್, ಮೇ ಅರ್ಧ ಸಂಬಳ ಕೊಟ್ಟರು, ಅದನ್ನು ಇದರಲ್ಲಿ ಕಳೆದೇ ಇಲ್ಲ. ನನ್ನ ಮಗನನ್ನು ನಮ್ಮಮ್ಮನ ಹತ್ತಿರ ಬಿಟ್ಟು ಊರವರ ಮಕ್ಕಳ ಮೂಗು ಒರೆಸಿದೆ. ಅವನಿಗೆ ಅಕ್ಷರ ಕಲಿಸಿದ್ದು ಅಜ್ಜಿ, ಮೊರದಲ್ಲಿ ಅಕ್ಕಿ ಹರಡಿ.

ತುಮಕೂರಿನವಳು

ಅಂದರೆ ನಿಮ್ಮ ಮಗನೂ ಮನೆಯಲ್ಲೇ ಕಲಿತದ್ದು! ಊರಿಗೆಲ್ಲ ಉಪದೇಶ, ಮನೆಯಲ್ಲಿ ಅಕ್ಕಿ ಮೊರ.

ಎಲ್‌ಕೆಜಿ ಮಿಸ್ (14 ವರ್ಷ)

ಆಸೆಪಟ್ಟು ಮಾಡಿದ್ದಲ್ಲ. ಗತಿಯಿಲ್ಲದೆ ಮಾಡಿದ್ದು. ವ್ಯತ್ಯಾಸ ಇದೆ.

ಶಿರಸಿ ಕಡೆಯ ಅಪ್ಪ

ಯಾರೂ ಅಂಗನವಾಡಿ ಎನ್ನುವ ಮಾತೇ ಎತ್ತಲಿಲ್ಲ, ನೋಡಿ. ನಮ್ಮ ಮನೆಯಿಂದ ಇಂಗ್ಲಿಷ್ ಮೀಡಿಯಂ ಶಾಲೆಗೆ 14 ಕಿಲೋಮೀಟರ್. ವ್ಯಾನ್ ನಮ್ಮ ಮನೆಯವರೆಗೆ ಬರಲ್ಲ, ಕಾಲುಸಂಕ (ಹೊಳೆ ದಾಟುವ ಕಿರುಸೇತುವೆ) ದಾಟಿ ಟಾರು ರಸ್ತೆಗೆ ನಾವೇ ಬಿಡಬೇಕು. ಜುಲೈಯಲ್ಲಿ ಆ ಸಂಕದ ಮೇಲೆ ಮಗು ಹೊತ್ತುಕೊಂಡು ಹೋದವನಿಗೆ ಗೊತ್ತು. ಒಂದು ದಿನ ನನ್ನ ಚಪ್ಪಲಿ ಹೊಳೆ ಪಾಲು. ಆವತ್ತೇ ಸಾಕು ಎಂದೆ. ಒಂದು ವರ್ಷ ಮನೆಯಲ್ಲೇ ಕಲಿಸಿದೆವು. ಡಿಸೆಂಬರ್‌ಗೆ ಅಡಿಕೆ ಗೊನೆ ಕೊಯ್ಲು ಶುರುವಾಯಿತು, ಅಲ್ಲಿಗೆ ಪಾಠ ಮುಗಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಡಿಕೆ ಸುಲಿಯುವವರು ಹತ್ತಕ್ಕೆ ‘ಅ ಆ ಇ ಈ’ ಹೇಳಿಕೊಡುತ್ತೀರಾ? ಮಗ ಒಂದರಿಂದ ಐವತ್ತು ಎಣಿಸಲು ಕಲಿತ, ಚಾಲಿ (ಒಣಗಿಸಿ ಸುಲಿದ) ಅಡಿಕೆಯಲ್ಲಿ. ಅದರ ಮುಂದೆ ಹೋಗಲಿಲ್ಲ.

ಮರುವರ್ಷ ಅಂಗನವಾಡಿ. ಖರ್ಚು ಒಂದು ಚೀಲ, ಒಂದು ಲೋಟ. ‘ಚಿಲಿಪಿಲಿ’ ಪುಸ್ತಕ ಅಲ್ಲೇ ಇದೆ. ಕಾರ್ಯಕರ್ತೆ ಒಳ್ಳೆಯವರು. ಮೊಟ್ಟೆ ಕೊಡುವ ದಿನ ಮಾತ್ರ ನಮ್ಮ ಆಯಿ ಅವನನ್ನು ಹತ್ತೂವರೆಗೇ ಕರೆದುಕೊಂಡು ಬರುತ್ತಿದ್ದರು. ಅವನಿಗೆ ಏನು ತಪ್ಪಿಹೋಗುತ್ತಿದೆ ಎಂದು ಪಕ್ಕದ ಹುಡುಗಿ ಹೇಳಿಬಿಟ್ಟಳು. ಆ ಕಥೆ ಬೇರೆ.

ತುಮಕೂರಿನವಳು

ನಮ್ಮ ಏರಿಯಾದ ಅಂಗನವಾಡಿಗೆ ಹೋಗಿ ನೋಡಿದೆ ಸರ್. ಒಂದೇ ಕೋಣೆ, ಅರ್ಧ ಕೋಣೆಗೆ ಅಕ್ಕಿ ಮೂಟೆ. ಮಕ್ಕಳಿಗೆ ಉಪ್ಪಿಟ್ಟು ಕೊಟ್ಟು ಮಲಗಿಸಿದ್ದರು. ಟೀಚರ್ ಮತದಾರರ ಪಟ್ಟಿ ಹಿಡಿದುಕೊಂಡು ಮನೆ ಮನೆ ಸುತ್ತಲು ಹೋಗಿದ್ದರು.

ಶಿರಸಿ ಕಡೆಯ ಅಪ್ಪ

ಪಟ್ಟಿ ಹಿಡಿಸಿದ್ದು ಯಾರು, ಅವರನ್ನು ಕೇಳಿ. ಒಬ್ಬಳೇ ಹೆಂಗಸಿಗೆ ಬಾಣಂತಿ ಲೆಕ್ಕ, ಮಗುವಿನ ತೂಕ, ಸರ್ವೆ, ಚುನಾವಣೆ ಎಲ್ಲ ಹೊರಿಸಿ, ಉಪ್ಪಿಟ್ಟಿಗೆ ಹೆಸರಿಡುತ್ತೀರಿ. ನಿಮ್ಮ 19,860ರಲ್ಲಿ ಆ ಕೋಣೆಗೆ ಒಂದು ಕಪಾಟು ಬರುತ್ತಿತ್ತು.

ಯುಕೆಜಿ ಸರ್ಟಿಫಿಕೇಟ್ ಇಲ್ಲದ ಅಪ್ಪ, ದಾವಣಗೆರೆ

ಆಗಸ್ಟ್ ಮಗುವಿನ ಅಮ್ಮ, ಇದನ್ನು ಪೂರ್ತಿ ಓದಿ. ನನ್ನ ಮಗಳು 2019ರ ಸೆಪ್ಟೆಂಬರ್‌ನವಳು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಪೂರ್ತಿ ಆರು ತುಂಬಿರಬೇಕು ಎಂದು 2022ರ ಜುಲೈಯಲ್ಲಿ ಸರ್ಕಾರದ ಆದೇಶ ಬಂತು. ಆಮೇಲೆ 2025–26ರಿಂದ ಜಾರಿ ಎಂದರು. ನಾನು ಕ್ಯಾಲೆಂಡರ್ ಹಿಡಿದು ಕೂತೆ. 2025ರ ಜೂನ್‌ಗೆ ಇವಳಿಗೆ ಐದು ವರ್ಷ ಎಂಟು ತಿಂಗಳು. ಹೇಗೂ 2026ಕ್ಕೇ ಒಂದನೇ ಕ್ಲಾಸು. ಹಾಗಿದ್ದರೆ ಅಲ್ಲಿಯವರೆಗೆ ಮೂರು ಮೂರು ವರ್ಷ ಯಾಕೆ ಕಟ್ಟಬೇಕು? ಮನೆಯಲ್ಲೇ ಇಟ್ಟೆವು. ಹೆಂಡತಿ ಚೆನ್ನಾಗಿ ಕಲಿಸಿದಳು, ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದಳು.

2025ರ ಏಪ್ರಿಲ್‌ನಲ್ಲಿ ಸಡಿಲ ಮಾಡಿದರು. ಐದು ವರ್ಷ ಐದು ತಿಂಗಳಾಗಿದ್ದರೆ ಸಾಕು, ಆ ಒಂದು ವರ್ಷದ ಮಟ್ಟಿಗೆ. ಆದರೆ ಯುಕೆಜಿ ಮುಗಿಸಿದ ಮಕ್ಕಳಿಗೆ. ನಾಲ್ಕು ಶಾಲೆ ಸುತ್ತಿದೆ. ಅರ್ಜಿ ಫಾರಂ 500, 500, 750, 1,000. ಒಟ್ಟು 2,750, ಒಂದು ರೂಪಾಯಿ ವಾಪಸ್ ಇಲ್ಲ. ಎಲ್ಲ ಕಡೆಯೂ ಒಂದೇ ಪ್ರಶ್ನೆ, ‘ಯುಕೆಜಿ ಮಾರ್ಕ್ಸ್ ಕಾರ್ಡ್?’ ಮಗು ಅಲ್ಲೇ ಗೋಡೆಯ ಮೇಲಿನ ಬೋರ್ಡು ಓದುತ್ತಿತ್ತು, ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಅಂತ. ಕ್ಲರ್ಕ್ ತಲೆ ಎತ್ತಲಿಲ್ಲ. ಕೊನೆಗೆ 58,000 ಕಟ್ಟಿ ಯುಕೆಜಿಗೆ ಹಾಕಿದೆ. ಅವಳಿಗೆ ಬರುವ ಅಕ್ಷರವನ್ನೇ ಹತ್ತು ಸಲ ಬರೆಸಿದರು.

ಪಕ್ಕದ ಮನೆ ಹುಡುಗ ಇವಳಿಗಿಂತ ಎರಡು ತಿಂಗಳು ಚಿಕ್ಕವನು, ಯುಕೆಜಿ ಆಗಿತ್ತು, ಒಂದನೇ ಕ್ಲಾಸಿಗೆ ಹೋದ. ಆವತ್ತು ಕಾಂಪೌಂಡ್ ಹತ್ತಿರ ನಿಂತು ‘ನಾನು ಫಸ್ಟ್, ನೀನು ಯಾವ ಕ್ಲಾಸೂ ಅಲ್ಲ’ ಎಂದ. ಇವಳು ಅಡುಗೆಮನೆಗೆ ಬಂದು, ಅಮ್ಮಾ ನಾನು ಯಾವ ಕ್ಲಾಸು, ಎಂದು ಕೇಳಿದಳು. ಇಬ್ಬರಿಗೂ ಬಾಯಿ ಬರಲಿಲ್ಲ.

ಎಲ್‌ಕೆಜಿ ಮಿಸ್ (14 ವರ್ಷ)

ಇದಕ್ಕೇ ಹೇಳಿದ್ದು.

ತುಮಕೂರಿನವಳು

ಇದು ಮನೆಪಾಠದ ತಪ್ಪಲ್ಲ, ನಿಯಮ ಅದಲು ಬದಲು ಮಾಡಿದವರ ತಪ್ಪು. ನನ್ನ ಮಗಳಿಗೆ ಆರು ತುಂಬಿತ್ತು, ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ‘ವಾಟ್ ಈಸ್ ಯುವರ್ ನೇಮ್’ ಅಂದರು, ಅವಳು ಕುರ್ಚಿ ಕೆಳಗೆ ಹೋಗಿ ಕೂತಳು, ಆದರೂ ಸೀಟು ಕೊಟ್ಟರು.

ಯುಕೆಜಿ ಸರ್ಟಿಫಿಕೇಟ್ ಇಲ್ಲದ ಅಪ್ಪ, ದಾವಣಗೆರೆ

ಕೇಳಿದ್ದೇ ತಪ್ಪು ಮೇಡಂ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಸಂದರ್ಶನ ಮಾಡುವಂತಿಲ್ಲ. ಮೊದಲ ಸಲಕ್ಕೆ 25,000ದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ಆದರೆ ಆ ಕಾಯ್ದೆ 6ರಿಂದ 14ರವರಿಗೆ. ನನ್ನ ಮಗಳಿಗೆ ಆರಾಗಿರಲಿಲ್ಲ. ನಾನು ಯಾರ ಹತ್ತಿರ ಹೋಗಲಿ?

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಪೂರ್ತಿ ಉಲ್ಟಾ. ಆರು ವರ್ಷಕ್ಕೆ ಶಾಲೆ ಕಡ್ಡಾಯ, ಮನೆಯಲ್ಲಿ ಕಲಿಸುತ್ತೇನೆ ಎಂದರೆ ಕಾನೂನು ಬಿಡಲ್ಲ. ಅದಕ್ಕೂ ಮುಂಚೆ ಶಿಶುವಿಹಾರಕ್ಕೆ ಕಳಿಸುವುದು ಬಿಡುವುದು ನಮ್ಮಿಷ್ಟ, ಅಲ್ಲಿ ಕೂರಿಸಿ ಅಕ್ಷರ ಬರೆಸಲ್ಲ. ಮಣ್ಣು, ನೀರು, ಕಡ್ಡಿ, ಮಳೆ ಬಂದರೂ ಹೊರಗೆ. ನನ್ನ ಮಗ ಐದೂವರೆ ವರ್ಷಕ್ಕೆ ಕನ್ನಡ ಓದುತ್ತಾನೆ, ಜರ್ಮನ್ ಅಕ್ಷರ ಗೊತ್ತಿಲ್ಲ. ‘ಊರಲ್ಲಿ ಇವನನ್ನು ಪಾಸು ಮಾಡುತ್ತಿದ್ದರಾ’ ಎಂದು ನಮ್ಮಪ್ಪ ವಿಡಿಯೋ ಕಾಲಿನಲ್ಲಿ ಕೇಳುತ್ತಾರೆ.

ಶಿರಸಿ ಕಡೆಯ ಅಪ್ಪ

ಮಣ್ಣು, ನೀರು, ಕಡ್ಡಿ, ಮಳೆ ನಮ್ಮಲ್ಲೂ ಇದೆ. ಪುಗಸಟ್ಟೆ.

ಕೋಟೆ ಮೇಷ್ಟ್ರು

ಬಳಪ ತಿನ್ನುವ ಮಗುವನ್ನು ಎಲ್ಲರೂ ಮರೆತಿರಿ. ಅಮ್ಮಾ, ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಅಂಶ ಕಡಿಮೆಯಾದರೂ ಮಕ್ಕಳು ಮಣ್ಣು, ಬಳಪ ತಿನ್ನುತ್ತಾರೆ.

ಇನ್ನು ಕಲಿಸುವ ವಿಷಯ. ‘ಅ ಆ ಇ ಈ’ಯಿಂದ ಶುರು ಮಾಡಬೇಡಿ. ‘ಅಃ’ವರೆಗೆ ಬಾಯಿಪಾಠ ಮಾಡಿದರೂ ಮಗು ಒಂದು ಪದ ಓದಲ್ಲ. ಐದು ಅಕ್ಷರ ಸಾಕು: ರ, ಗ, ಸ, ದ, ಅ. ಸರ, ದರ, ಅಗಸ, ಅರಸ, ಗರಗಸ. ಎರಡನೇ ವಾರಕ್ಕೇ ಓದುತ್ತೆ. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ–ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲಿ. ರಾಜ್ಯದ ಮೊದಲ ಅಂಗನವಾಡಿ ಯೋಜನೆಯೂ 1975ರಲ್ಲಿ ನಮ್ಮ ಜಿಲ್ಲೆಯ ಟಿ. ನರಸೀಪುರದಲ್ಲೇ ಬಂತು. ಸುಮ್ನೆ ಹೇಳಿದೆ.

ಎಲ್‌ಕೆಜಿ ಮಿಸ್ (14 ವರ್ಷ)

ಮೇಷ್ಟ್ರೇ, ‘ಗ’ ಬರೆಯಲು ನಾಲ್ಕು ವರ್ಷದ ಕೈ ಬಗ್ಗಲ್ಲ. ಮೊದಲು ಅಡ್ಡಗೆರೆ, ಉದ್ದಗೆರೆ, ಸೊನ್ನೆ. ಆಮೇಲೆ ‘ಗರಗಸ’. ಅಷ್ಟಕ್ಕೂ ಯಾವ ಮಗು ಗರಗಸ ನೋಡಿದೆ?

ಕೋಟೆ ಮೇಷ್ಟ್ರು

ನಾನು ಓದಿಸಿ ಎಂದೆ, ಬರೆಸಿ ಎನ್ನಲಿಲ್ಲ. ನಮ್ಮ ಕಡೆ ಎಲ್ಲ ಮಕ್ಕಳೂ ಗರಗಸ ನೋಡಿವೆ. ನಿಮ್ಮ ಮಕ್ಕಳು ‘ಝಡ್ ಫಾರ್ ಝೀಬ್ರಾ’ದ ಝೀಬ್ರಾ ಎಲ್ಲಿ ನೋಡಿದವು?

ಎಲ್‌ಕೆಜಿ ಮಿಸ್ (14 ವರ್ಷ)

ಮೈಸೂರು ಝೂನಲ್ಲಿ. ನಿಮ್ಮ ಜಿಲ್ಲೆಯಲ್ಲೇ.

ಆಗಸ್ಟ್ ಮಗುವಿನ ಅಮ್ಮ, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ರಕ್ತ ಪರೀಕ್ಷೆಗೆ ನಾಳೆ ಹೋಗುತ್ತೇವೆ. ದಾವಣಗೆರೆ ಸರ್, ನಿಮ್ಮದನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಈ ವರ್ಷ ಮನೆಯಲ್ಲಿಟ್ಟು ಮುಂದಿನ ಜೂನ್‌ಗೆ ಎಲ್‌ಕೆಜಿಗೆ ಸೇರಿಸಿದರೆ 2029ಕ್ಕೆ ಒಂದನೇ ಕ್ಲಾಸು, ಆಗ ಆರು ವರ್ಷ ಒಂಬತ್ತು ತಿಂಗಳು ದಾಟಿರುತ್ತೆ, ಕೈಯಲ್ಲಿ ಯುಕೆಜಿ ಕಾರ್ಡೂ ಇರುತ್ತೆ. ಸರಿ ಅಲ್ವಾ?

ಯುಕೆಜಿ ಸರ್ಟಿಫಿಕೇಟ್ ಇಲ್ಲದ ಅಪ್ಪ, ದಾವಣಗೆರೆ

ಇವತ್ತಿನ ನಿಯಮಕ್ಕೆ ಸರಿ. ನಾನೂ ಕ್ಯಾಲೆಂಡರ್ ನೋಡಿಯೇ ಮಾಡಿದ್ದೆ.

ತುಮಕೂರಿನವಳು

ಆಗಸ್ಟ್ ಅಮ್ಮ, ನಿಮಗೆ ಲ್ಯಾಮಿನೇಷನ್ ಮಿಷನ್ ಬೇಕಾ? ಮಂಚದ ಕೆಳಗೆ ಬಿದ್ದಿದೆ. 1,200ಕ್ಕೆ ಕೊಡುತ್ತೇನೆ, ಮಿಕ್ಕಿದ ಪೌಚು 60 ಇದೆ.

ಎಲ್‌ಕೆಜಿ ಮಿಸ್ (14 ವರ್ಷ)

ಅವರಿಗೆ ಬೇಡವಾದರೆ ಹೇಳಿ. ಮನೆಯಲ್ಲೇ ಎಂಟು ಮಕ್ಕಳಿಗೆ ಟ್ಯೂಷನ್ ಶುರು ಮಾಡಿದ್ದೇನೆ. 900 ಆಗುತ್ತಾ?

ತುಮಕೂರಿನವಳು

ನಿಮಗೆ 1,200.